ನಲವತ್ತೊಂದು ಸೀಟು

ಜುಲೈ. ಬೈತಖೋಲದ ಧಕ್ಕೆಯಲ್ಲಿ ಬೋಟುಗಳು
ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ.
ಮೀನು ಮೊಟ್ಟೆಯಿಡುವ ಕಾಲ,
ಸರಕಾರವೇ ಸಮುದ್ರಕ್ಕೆ ಎರಡು ತಿಂಗಳು ರಜೆ ಕೊಟ್ಟಿದೆ.
ಐಸ್ ಪ್ಲಾಂಟು ಬಂದ್, ಕ್ರೇಟುಗಳು ಬೋರಲು,
ಕೋಲ್ಡ್ ರೂಮಿನ ಮೋಟಾರೊಂದೇ ಗೊರಕೆ ಹೊಡೆಯುತ್ತಿದೆ.

ಆದರೂ ಒಂದನೇ ತಾರೀಖು ಬೆಳಿಗ್ಗೆ ಬ್ಯಾಂಕಿನ ಮೆಸೇಜು:
ನಲವತ್ತೊಂದು ಸೀಟು, ತಲಾ ಸಾವಿರದ ನೂರು,
ಕಡಿತವಾಗಿದೆ.
ಸಾಫ್ಟ್‌ವೇರಿಗೆ ಆಷಾಢವಿಲ್ಲ.

ಸಣ್ಣಧನಿ, ತಂದೆಯ ಕುರ್ಚಿಗೆ ಬಂದು ಎರಡು ವರ್ಷ,
ಫೋನು ನನ್ನ ಮೇಜಿನ ಮೇಲಿಟ್ಟು ಕೇಳಿದರು:
ಆಫೀಸಿನಲ್ಲಿ ಕುರ್ಚಿ ಇರುವುದು ಹದಿನಾಲ್ಕು.
ಉಳಿದವರು ಎಲ್ಲಿ ಕೂತಿದ್ದಾರೆ?

ಪಟ್ಟಿ ತೆಗೆದೆ.

ಮನೋಜ ದುರ್ಗೇಕರ, ಮಾಪ್ಸಾದ ಹೋಟೆಲು ಸೇರಿ ಮೂರು ವರ್ಷ.
ಇನಾಸ್ ರೊಡ್ರಿಗೀಸ್, ಹಡಗಿನ ಅಡುಗೆಮನೆಯಲ್ಲಿದ್ದಾನೆ, ಯಾವ ಹಡಗೋ.
ಎಕ್ಸ್‌ಪೋರ್ಟ್ ಸೆಕ್ಷನ್ ಎಂಬ ಹೆಸರಿನದೊಂದು.
ಆ ಸೆಕ್ಷನ್ನೇ ಈಗಿಲ್ಲ, ಗೋಡೆ ಒಡೆದು ಟಾಯ್ಲೆಟ್ ಕಟ್ಟಿದ್ದೇವೆ.
ಟೆಸ್ಟ್ ಒಂದು, ಟೆಸ್ಟ್ ಎರಡು, ಟೆಸ್ಟ್ ಹೊಸದು.
ಒಮ್ಮೆ ಬಂದು ಸಿಗಡಿ ಊಟ ಮಾಡಿ ಹೋದ
ಹುಬ್ಬಳ್ಳಿಯ ಆಡಿಟರಿಗೂ ಒಂದು, ಇಂದಿಗೂ.
ಹವಾಮಾನದ ಆಪು ಬೇರೆ, ಹನ್ನೆರಡು ತಾಂಡೇಲರಿಗೆ,
ಅದರ ಬಿಲ್ಲು ಬೇರೆ.
ಅವರು ಕೂರ್ಮಗಡದ ನೆತ್ತಿಯ ಮೋಡ ನೋಡಿಯೇ
ಲಂಗರು ಎತ್ತುವುದು.

ಬಂಡೆಗೆ ಬಡಿದು ಮುಳುಗುವ ಬೋಟು ಕಡಿಮೆ.
ಹಲಗೆಯ ಸಂದಿನಲ್ಲಿ ತುಂಬಿದ ಹತ್ತಿ ಸಡಿಲಾದರೆ ಸಾಕು,
ರಾತ್ರಿಯೆಲ್ಲ ಸದ್ದಿಲ್ಲದೆ ಏರುತ್ತದೆ ನೀರು.

ವಿಠೋಬಾ ಮಾಜಾಳಿಕರ, ನಿವೃತ್ತ.
ಕೊನೆಯ ಬಳಕೆ: ನಿನ್ನೆ ರಾತ್ರಿ ಎರಡು ಹದಿನಾಲ್ಕು.
ತುಸು ಹೆದರಿದೆ. ವಾಚ್‌ಮನ್ ಬೀರಾ ಗೌಡ ತಲೆ ಕೆರೆದುಕೊಂಡ:
ಹೋಗುವಾಗ ಪಾಸ್‌ವರ್ಡ್ ನನ್ಗೆ ಕೊಟ್ಟೋದ್ರು ಬಾಯೋರೆ,
ಕೋಲ್ಡ್ ರೂಮಿನ ಡಿಗ್ರಿ ಬರಿಬೇಕಲ್ಲ, ರಾತ್ರಿಗೆ ಮೂರು ಸಲ.
ಅದನ್ನು ಅವನ ಹೆಸರಿಗೆ ಬರೆದೆ.
ಬೀರ್ ಗೌಡ ಎಂದಾಯಿತು, ಇಬ್ಬರೂ ನಕ್ಕು ತಿದ್ದಿದೆವು.

ಆಮೇಲೆ ಕೆಳಗಿನಿಂದ ಮೂರನೆಯ ಸಾಲು:
ಉಜ್ವಲಾ ಚಿಪ್ಕರ.
ಬಳಸಿ ಏಳು ವರ್ಷ, ಎರಡು ತಿಂಗಳು.

ಅದು ನಾನು.

ಮದುವೆಯ ದಿನ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ
ಉಂಗುರದಿಂದ ಬರೆದರು ಹೊಸ ಹೆಸರು: ಸಮಿಧಾ. ಸಮಿಧಾ ಪೆಡ್ನೇಕರ.
ಆ ಅಕ್ಕಿ ಮರುದಿನ ಪಾಯಸವಾಯಿತು.
ಆಫೀಸಿಗೆ ಮರಳಿದಾಗ ಕಂಪ್ಯೂಟರಿನ ಹುಡುಗ
ಹಳೆಯದನ್ನು ಮುಟ್ಟದೆ ಹೊಸದೊಂದು ತೆರೆದುಕೊಟ್ಟ.
ಎಂಬತ್ತಾರು ತಿಂಗಳು ನನ್ನಿಬ್ಬರ ಬಾಡಿಗೆಯನ್ನೂ ಕಂಪನಿ ಕಟ್ಟಿದೆ,
ತೊಂಬತ್ನಾಲ್ಕು ಸಾವಿರದ ಆರುನೂರು.
ಆ ಮದುವೆಗೆ ಅಪ್ಪ ಮಾಡಿದ ಸಾಲಕ್ಕಿಂತ ತುಸು ಕಡಿಮೆ.

ತೆಗೆ ಎಂದು ಒತ್ತಿದೆ.
ಆಗದು ಎಂದಿತು ಪರದೆ:
ಮೊದಲು ಖಾತೆ ತೆರೆದವರು ಇವರು,
ಇವರನ್ನು ತೆಗೆಯುವ ಅಧಿಕಾರ ಸಮಿಧಾ, ನಿಮಗಿಲ್ಲ.

ಪಾಸ್‌ವರ್ಡು ತಲೆಗೆ ಹೊಳೆಯಲಿಲ್ಲ, ಬೆರಳಿಗೆ ಗೊತ್ತಿತ್ತು.
ಒಳಗೆ ಎಲ್ಲ ಹಾಗೇ ಇದೆ,
ಅರ್ಧಕ್ಕೆ ಬಿಟ್ಟ ರಜೆ ಅರ್ಜಿ ಕೂಡ:
ಮಾನ್ಯರೇ, ನನ್ನ ಮದುವೆಯ ನಿಮಿತ್ತ
ಅಲ್ಲಿಗೇ ನಿಂತಿದೆ.

ಅಲ್ಲಿಂದ ಸಮಿಧಾಳನ್ನು ಹುಡುಕಿ ತೆಗೆ ಎಂದೆ.
ತಕ್ಷಣ ತೆಗೆಯಿತು. ಕಾರಣ ಮಾತ್ರ ಕೇಳಿತು:
ದರ ಹೆಚ್ಚು, ಕೆಲಸ ಬಿಟ್ಟರು, ಉಪಯೋಗವಿಲ್ಲ, ಇತರೆ.
ಇತರೆ ಒತ್ತಿದೆ.
ಖಾಲಿ ಚೌಕದಲ್ಲಿ ಗೆರೆಯೊಂದು ಮಿಟುಕುತ್ತ ಕಾಯಿತು.
ಕಾಯಲಿ ಎಂದು ಚಹಾಕ್ಕೆ ಎದ್ದೆ.

ಸಂಜೆ ಲೆಕ್ಕ ಒಪ್ಪಿಸಿದೆ.
ಉಳಿದದ್ದು ಹದಿನೈದು ಸೀಟು,
ತಿಂಗಳಿಗೆ ಉಳಿತಾಯ ಇಪ್ಪತ್ತೆಂಟು ಸಾವಿರದ ಆರುನೂರು.
ಸಣ್ಣಧನಿ ಖುಷಿಯಲ್ಲಿ ಪಟ್ಟಿಯ ಮೇಲೆ ಪೆನ್ನಾಡಿಸಿದರು, ನಿಂತರು.
ಈ ಉಜ್ವಲಾ ಯಾರು? ಇವಳನ್ನು ಯಾಕೆ ಉಳಿಸಿದೆ?

ಕೆಲಸಕ್ಕೆ ಬರ್ತಾಳೆ ಸರ್, ಎಂದೆ.
ನಾಳೆಯಿಂದ.